ಸಿಗಡಿ ತಿಂದು ಎಷ್ಟು ಹೊತ್ತಾಗಿತ್ತು?

“ಮೊನ್ನೆವರೆಗೂ ತಿಂತಾ ಇದ್ದೆನಲ್ಲ ಡಾಕ್ಟ್ರೇ, ಈಗ ಎಂಥ ಆದದ್ದು?”

ಕರಾವಳಿಯ ಕ್ಲಿನಿಕ್ಕುಗಳಲ್ಲಿ ಸಿಗಡಿ ಅಲರ್ಜಿಯ ಮಾತು ಶುರುವಾಗುವುದೇ ಹೆಚ್ಚಾಗಿ ಹೀಗೆ. ಕೇಳುವವರಿಗೆ ಮೂವತ್ತೋ ನಲವತ್ತೋ ವಯಸ್ಸು. ಹಲ್ಲು ಬಂದಾಗಿನಿಂದ ಸಿಗಡಿ ಸುಕ್ಕ, ಏಡಿ ಗಸಿ ತಿಂದು ಬೆಳೆದ ಮೈ. ಹಾಗಿರುವಾಗ ಒಂದು ಭಾನುವಾರ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಅಂಗೈ ತುರಿಸುತ್ತದೆ, ತುಟಿ ದಪ್ಪಗಾಗುತ್ತದೆ, ಹೊಟ್ಟೆ ಮೇಲೆಲ್ಲ ಕೆಂಪು ದದ್ದು ಏಳುತ್ತದೆ. ಮೀನು ಹಳತಾಗಿತ್ತೋ ಏನೋ ಎಂದು ಮನೆಯವರು ಮೀನು ಮಾರಿದಾಕೆಗೆ ಬೈದು ಸುಮ್ಮನಾಗುತ್ತಾರೆ.

ಹಾಲು, ಮೊಟ್ಟೆಯ ಅಲರ್ಜಿಗಳು ಮಕ್ಕಳಲ್ಲಿ ಕಾಣಿಸಿಕೊಂಡು ಶಾಲೆಗೆ ಹೋಗುವ ಹೊತ್ತಿಗೆ ಬಹುಮಟ್ಟಿಗೆ ಮಾಯವಾಗುತ್ತವೆ. ಸಿಗಡಿ, ಏಡಿಯಂಥ ಚಿಪ್ಪುಜೀವಿಗಳ ಅಲರ್ಜಿಯ ಸ್ವಭಾವ ಬೇರೆ. ಅನೇಕರಲ್ಲಿ ಅದು ದೊಡ್ಡವರಾದ ಮೇಲೆ ಬರುತ್ತದೆ, ಬಂದ ಮೇಲೆ ಸುಲಭಕ್ಕೆ ಹೋಗುವುದಿಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ ವಯಸ್ಕರ ಆಹಾರ ಅಲರ್ಜಿಗಳ ಪೈಕಿ ಮೊದಲ ಸ್ಥಾನ ಇದಕ್ಕೇ ಸಿಕ್ಕಿತು. ನೂರಕ್ಕೆ 2.9 ಜನ. ಶೇಂಗಾ, ಹಾಲು ಎಲ್ಲ ಅದರ ಹಿಂದೆ. ಮೂವತ್ತು ವರ್ಷ ತಿಂದು ಅರಗಿಸಿಕೊಂಡೆ ಎನ್ನುವುದು ಈ ವಿಷಯದಲ್ಲಿ ಯಾರಿಗೂ ರಕ್ಷಣೆ ಕೊಡುವುದಿಲ್ಲ.

ಇಂಥವರು ವೈದ್ಯರ ಬಳಿ ಹೋದಾಗ ನಡೆಯಬೇಕಾದ ಮೊದಲ ಕೆಲಸ ರಕ್ತ ಪರೀಕ್ಷೆಗೆ ಚೀಟಿ ಬರೆಯುವುದಲ್ಲ. ಕೂರಿಸಿ ಕೇಳುವುದು. ತಿಂದು ಎಷ್ಟು ಹೊತ್ತಿಗೆ ಶುರುವಾಯಿತು? ಏನೇನು ತಿಂದಿದ್ದಿರಿ, ಎಷ್ಟು? ಹಿಂದೆ ಎಂದಾದರೂ ಬಾಯಿ ತುರಿಸಿತ್ತೇ? ಜೊತೆಗೆ ಊಟ ಮಾಡಿದವರಿಗೆ ಏನಾದರೂ ಆಯಿತೇ? ಆ ದಿನ ಮೈಕೈ ನೋವಿಗೆ ಮಾತ್ರೆ ನುಂಗಿದ್ದಿರಾ, ಕುಡಿದಿದ್ದಿರಾ, ಊಟವಾದ ಮೇಲೆ ಓಡಾಟ ಜೋರಾಗಿತ್ತೇ? ಈ ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿ ಮುಕ್ಕಾಲು ರೋಗನಿರ್ಣಯ ಇರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಹೊತ್ತಿನ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ನಿಜವಾದ ಸಿಗಡಿ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮುಖ ತೋರಿಸುತ್ತದೆ. ಮಧ್ಯಾಹ್ನ ತಿಂದದ್ದಕ್ಕೆ ಮರುದಿನ ಸಂಜೆ ಹೊಟ್ಟೆ ಕೆಟ್ಟರೆ ಬೇರೆ ಕಾರಣ ಹುಡುಕಬೇಕು. ನೋವಿನ ಮಾತ್ರೆ, ಮದ್ಯ, ಓಟದ ಪ್ರಶ್ನೆಗಳನ್ನೂ ಸುಮ್ಮನೆ ಕೇಳುವುದಲ್ಲ. ಕೆಲವರಿಗೆ ಸಿಗಡಿ ತಿಂದರೆ ಏನೂ ಆಗದು, ಓಡಿದರೂ ಏನೂ ಆಗದು. ತಿಂದು ಓಡಿದರೆ ಮಾತ್ರ ಬಿದ್ದುಬಿಡುತ್ತಾರೆ. ಚಿಪ್ಪುಜೀವಿ ತಿಂದು ಓಡಿದ ಓಟಗಾರನೊಬ್ಬ ಹೀಗೆ ಕುಸಿದದ್ದನ್ನು ಅಮೆರಿಕದ ವೈದ್ಯರು 1979ರಲ್ಲಿ ದಾಖಲಿಸಿದರು. ಆಹಾರ ಮತ್ತು ವ್ಯಾಯಾಮ ಕೂಡಿ ತರುವ ಈ ಆಘಾತದ ಮೊದಲ ವರದಿಗಳಲ್ಲಿ ಅದೂ ಒಂದು.

ಅಲರ್ಜಿಯ ವೇಷ ಹಾಕಿಕೊಂಡು ಬರುವ ಬೇರೆ ತೊಂದರೆಗಳೂ ಕಡಲ ಊಟದಲ್ಲಿ ಬೇಕಾದಷ್ಟಿವೆ. ಬಂಗುಡೆ, ಕೇದರದಂಥ ಮೀನನ್ನು ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಇಟ್ಟರೆ ಅದರಲ್ಲಿ ಹಿಸ್ಟಮಿನ್ ತುಂಬಿಕೊಳ್ಳುತ್ತದೆ. ತಿಂದವರ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ದದ್ದು ಏಳುತ್ತದೆ. ಅದು ವಿಷಬಾಧೆ. ಒಂದೇ ಪಾತ್ರೆಯಿಂದ ತಿಂದ ಹಲವರಿಗೆ ಒಟ್ಟಿಗೇ ಬರುತ್ತದೆ. ಮರುವಾಯಿಯದ್ದು ಇನ್ನೊಂದು ಕಥೆ. ಕಡಲ ನೀರಿನಲ್ಲಿ ಕೆಲವು ಸೂಕ್ಷ್ಮ ಪಾಚಿಗಳು ಹೆಚ್ಚಿದಾಗ ಅವುಗಳ ವಿಷ ಚಿಪ್ಪಿನ ಮಾಂಸದಲ್ಲಿ ಸೇರುತ್ತದೆ, ಬೇಯಿಸಿದರೂ ಉಳಿಯುತ್ತದೆ. 1983ರಲ್ಲಿ ಮಂಗಳೂರಿನ ಸುತ್ತ ಹೀಗೇ ಆದದ್ದನ್ನು ಅಲ್ಲಿನ ಮೀನುಗಾರಿಕಾ ಕಾಲೇಜಿನ ಕರುಣಾಸಾಗರ್ ದಂಪತಿ ಮತ್ತು ಸಹೋದ್ಯೋಗಿಗಳು ಮರುವರ್ಷ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಈ ವಿಷಬಾಧೆಯಲ್ಲಿ ತುಟಿ ನಾಲಿಗೆ ಜೋಮು ಹಿಡಿಯುತ್ತದೆ, ಕೈಕಾಲು ಸೋಲುತ್ತದೆ, ತುರಿಕೆಯ ದದ್ದಿನ ಲಕ್ಷಣ ಇರುವುದಿಲ್ಲ. ಇನ್ನು ಸಿಗಡಿ ಕಪ್ಪಾಗದಿರಲಿ ಎಂದು ಹಾಕುವ ಸಲ್ಫೈಟ್ ಪುಡಿಯೂ ಆಸ್ತಮಾ ಇದ್ದವರ ಎದೆ ಬಿಗಿಯುವಂತೆ ಮಾಡಬಲ್ಲದು. ಇವೆಲ್ಲದರ ಮೇಲೆ ನಮ್ಮ ಹಿರಿಯರ ‘ನಂಜು’ ಬೇರೆ. ಗಾಯ ಒಣಗುವವರೆಗೆ ಸಿಗಡಿ, ಬದನೆ ಮುಟ್ಟಬೇಡ ಎನ್ನುವ ಪಥ್ಯಕ್ಕೂ ಅಲರ್ಜಿಗೂ ಸಂಬಂಧವಿಲ್ಲ. ನಂಜಿನ ಲೆಕ್ಕದಲ್ಲಿ ಗಾಯ ಮಾಸಿದ ಮೇಲೆ ತಿನ್ನಬಹುದು. ಅಲರ್ಜಿಯ ಲೆಕ್ಕದಲ್ಲಿ ಅಂಥ ಗಡುವು ಇಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದಾಗಲೇ ಅನಾಹುತ.

ಸಿಗಡಿಯಲ್ಲಿ ಇರುವ ಆ ಕೇಡಿನ ವಸ್ತು ಯಾವುದು? ಇದಕ್ಕೆ ಉತ್ತರ ಹುಡುಕಿದ ಕೆಲಸದ ದೊಡ್ಡ ಪಾಲು ನಡೆದದ್ದು ಕಡಲಿನಿಂದ ಬಹಳ ದೂರದ ಬೆಂಗಳೂರಿನಲ್ಲಿ ಎಂದರೆ ಕೆಲವರಿಗೆ ಅಚ್ಚರಿಯಾದೀತು. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲಿ ಸಿಗಡಿಯ ಬೆನ್ನು ಹತ್ತಿದರು. ಅವರು ಆರಿಸಿಕೊಂಡದ್ದು ನಮ್ಮ ಕಡಲಿನದೇ ಆದ ಭಾರತದ ಬಿಳಿ ಸಿಗಡಿಯನ್ನು, ಶಾಸ್ತ್ರೀಯ ಹೆಸರು ಪೀನಿಯಸ್ ಇಂಡಿಕಸ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೀನ್ ಮೆಟ್‌ಕಾಫ್ ಜೊತೆಗಿದ್ದರು. ಹಸಿ ಸಿಗಡಿಗಿಂತ ಬೇಯಿಸಿದ್ದನ್ನೇ ಅವರು ಗಮನಿಸಿದ್ದು ಜಾಣತನ, ಏಕೆಂದರೆ ಜನ ತಿನ್ನುವುದು ಅದನ್ನು. ಕುದಿಸಿ ತೆಗೆದ ರಸದಿಂದ, ಶಾಖಕ್ಕೂ ಜಗ್ಗದ ಎರಡು ಅಲರ್ಜಿಕಾರಕಗಳನ್ನು ಬೇರ್ಪಡಿಸಿ 1989ರಲ್ಲಿ ಪ್ರಕಟಿಸಿದರು. ದೊಡ್ಡದಕ್ಕೆ ಇಟ್ಟ ಹೆಸರು ‘ಎಸ್‌ಎ-2’. ಅದು ಯಾವ ಪ್ರೋಟೀನು ಎಂಬುದು ಇತ್ಯರ್ಥವಾದದ್ದು 1993ರಲ್ಲಿ, ಕೆ.ಎನ್. ಶಾಂತಿ ಮೊದಲ ಲೇಖಕರಾಗಿದ್ದ ಪ್ರಬಂಧದಲ್ಲಿ. ಟ್ರೋಪೊಮಯೋಸಿನ್!

ಸ್ನಾಯು ಸೆಳೆದು ಬಿಡುವ ಕೆಲಸದಲ್ಲಿ ಕೈಜೋಡಿಸುವ ಪ್ರೋಟೀನು ಅದು. ಎರಡು ಎಳೆ ಹೊಸೆದ ಹುರಿಯ ಹಾಗೆ ಉದ್ದಕ್ಕೆ ಇರುತ್ತದೆ. ಕುದಿಸಿದರೆ ಹೊಸೆತ ಸಡಿಲವಾಗುತ್ತದೆ, ತಣಿದ ಮೇಲೆ ಮತ್ತೆ ಹೊಸೆದುಕೊಳ್ಳುತ್ತದೆ. ನಮ್ಮ ಮೈಯಲ್ಲೂ, ಕೋಳಿ ಕುರಿ ಮೀನುಗಳಲ್ಲೂ ಟ್ರೋಪೊಮಯೋಸಿನ್ ಉಂಟು, ಆದರೆ ಅದರ ರಚನೆ ನಮ್ಮದಕ್ಕೆ ಹತ್ತಿರವಿರುವುದರಿಂದ ದೇಹ ತಕರಾರು ತೆಗೆಯುವುದು ಅಪರೂಪ. ಸಿಗಡಿಯದ್ದು ದೂರದ್ದು. ಅದು ನೀರಿಗೆ ಇಳಿಯುತ್ತದೆ, ಕುದಿಯುವಾಗ ಹಬೆಯ ಜೊತೆ ಗಾಳಿಗೂ ಏರುತ್ತದೆ. “ಸಿಗಡಿ ತೆಗೆದಿಟ್ಟಿದ್ದೇನೆ, ಬರೀ ಸಾರು ಹಾಕಿಕೊಳ್ಳಿ” ಎಂಬ ಉಪಚಾರ ಏಕೆ ಅಪಾಯವೆಂದು ಇದರಿಂದಲೇ ಗೊತ್ತಾಗುತ್ತದೆ. ತೀವ್ರ ಅಲರ್ಜಿ ಇರುವ ಕೆಲವರು ಒಲೆಯ ಪಕ್ಕ ನಿಂತರೆ ಉಬ್ಬಸ ಪಡುತ್ತಾರೆ. ಸಿಗಡಿ, ಏಡಿ ಸಂಸ್ಕರಿಸುವ ಕಾರ್ಖಾನೆಗಳ ಕೆಲಸಗಾರರಿಗೆ ಆಸ್ತಮಾ, ಚರ್ಮದ ತೊಂದರೆ ಬರುವುದು ಹಲವು ದೇಶಗಳಲ್ಲಿ ದಾಖಲಾಗಿದೆ.

ಈ ಟ್ರೋಪೊಮಯೋಸಿನ್ನಿನ ಬಳಗ ದೊಡ್ಡದು. ಮನೆಯ ಧೂಳಿನಲ್ಲಿ, ಹಾಸಿಗೆ ದಿಂಬಿನಲ್ಲಿ ಬದುಕುವ ಧೂಳುನುಸಿಯಲ್ಲೂ, ಜಿರಳೆಯಲ್ಲೂ ಇರುವುದು ಇದೇ ಕುಲದ ಪ್ರೋಟೀನು. ಪರೀಕ್ಷೆಗಳ ಗೊಂದಲ ಹುಟ್ಟುವುದು ಇಲ್ಲಿಂದಲೇ. ಸಿಗಡಿಯನ್ನು ಧರ್ಮದ ಕಟ್ಟಳೆಯಿಂದ ಎಂದೂ ಮುಟ್ಟದ ಸಂಪ್ರದಾಯಸ್ಥ ಯಹೂದಿಗಳ ರಕ್ತವನ್ನು ಸಂಶೋಧಕರು ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು. ಧೂಳುನುಸಿಯ ಅಲರ್ಜಿ ಇದ್ದವರಲ್ಲಿ ಕೆಲವರಿಗೆ ಸಿಗಡಿಯ ಟ್ರೋಪೊಮಯೋಸಿನ್ ವಿರುದ್ಧವೂ, ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯ ಇತ್ತು! ಹುಟ್ಟಾ ಸಸ್ಯಾಹಾರಿಯಾದ ಮಲ್ಲೇಶ್ವರದ ಮಾವನವರಿಗೆ ಪ್ಯಾಕೇಜ್ ಪರೀಕ್ಷೆಯಲ್ಲಿ ‘ಸಿಗಡಿ: ಪಾಸಿಟಿವ್’ ಎಂದು ಬಂದರೆ ಮನೆಯಲ್ಲಿ ಯಾರೂ ಯಾರನ್ನೂ ಅನುಮಾನಿಸಬೇಕಿಲ್ಲ. ಹಾಸಿಗೆ ಬಿಸಿಲಿಗೆ ಹಾಕಿದರೆ ಸಾಕು.

ವರದಿಯಲ್ಲಿ ಪಾಸಿಟಿವ್ ಎಂದಿರುವುದಕ್ಕೂ ಅಲರ್ಜಿ ಇರುವುದಕ್ಕೂ ನಡುವೆ ಎಷ್ಟು ಅಂತರ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಪುರಾವೆ ಇದೆ. ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತು ಸಹಯೋಗಿಗಳು ಕರ್ನಾಟಕದ ವಯಸ್ಕರ ಮೇಲೆ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಯಾವುದಾದರೊಂದು ಆಹಾರದ ವಿರುದ್ಧ ರಕ್ತದಲ್ಲಿ ಐಜಿಇ ಇದ್ದವರು ಶೇ 26.5. ಅಲರ್ಜಿ ಇರಬಹುದು ಎನ್ನುವಂತೆ ತೊಂದರೆಯ ಕಥೆಯೂ ಕೂಡಿಬಂದವರು ಶೇ 1.2 ಮಾತ್ರ. ರಕ್ತದ ವರದಿಯೊಂದನ್ನೇ ನಂಬಿ ಊಟ ಬಿಡಿಸುತ್ತಾ ಹೋದರೆ ಕಾಲು ಭಾಗ ಜನ ಕಾರಣವಿಲ್ಲದೆ ಪಥ್ಯ ಮಾಡಬೇಕಾದೀತು. ನೂರಿನ್ನೂರು ಆಹಾರಗಳಿಗೆ ಒಂದೇ ಸಲ ಐಜಿಜಿ ಎಂಬ ಬೇರೆ ಬಗೆಯ ಪ್ರತಿಕಾಯ ಅಳೆದು ಕೆಂಪು ಹಸಿರು ಬಣ್ಣದ ಪಟ್ಟಿ ಕೊಡುವ ಪರೀಕ್ಷೆಗಳಂತೂ ದುಡ್ಡು ದಂಡ. ಐಜಿಜಿ ಇದ್ದರೆ ಆ ಆಹಾರ ತಿಂದಿದ್ದೀರಿ ಎಂದಷ್ಟೇ ಅರ್ಥ. ಅಲರ್ಜಿ ತಜ್ಞರ ಸಂಘಗಳು ಅದನ್ನು ರೋಗನಿರ್ಣಯಕ್ಕೆ ಬಳಸಬೇಡಿ ಎಂದು ಹೇಳುತ್ತಲೇ ಬಂದಿವೆ, ಮಾರಾಟ ಮಾತ್ರ ನಿಂತಿಲ್ಲ.

ಹಾಗಾದರೆ ಸರಿಯಾದ ಪರೀಕ್ಷೆ? ಕಥೆ ಕೇಳಿಯಾದ ಮೇಲೆ ಮಾಡುವ ಚರ್ಮದ ಚುಚ್ಚು ಪರೀಕ್ಷೆ ಹಳೆಯದು, ಅಗ್ಗದ್ದು, ಒಳ್ಳೆಯದು. ಮುಂಗೈಯ ಒಳಬದಿಯಲ್ಲಿ ಪೆನ್ನಿನಿಂದ ಗುರುತು ಹಾಕುತ್ತಾರೆ. ಒಂದೊಂದು ಗುರುತಿನ ಪಕ್ಕ ಒಂದೊಂದು ಹನಿ. ಸಿಗಡಿಯದ್ದು, ಏಡಿಯದ್ದು, ಧೂಳುನುಸಿಯದ್ದು. ಜೊತೆಗೆ ಖಂಡಿತ ಉಬ್ಬಬೇಕಾದ ಹಿಸ್ಟಮಿನ್ನಿನ ಹನಿ, ಉಬ್ಬಲೇಬಾರದ ಉಪ್ಪುನೀರಿನ ಹನಿ. ಸಣ್ಣ ಮುಳ್ಳಿನಂಥ ಮೊನೆಯಿಂದ ಹನಿಯ ಮೂಲಕ ಚರ್ಮವನ್ನು ಮೆಲ್ಲಗೆ ಚುಚ್ಚುತ್ತಾರೆ, ರಕ್ತ ಬರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಕೆರೆದುಕೊಳ್ಳದೆ ಕೂರಬೇಕು, ಕಷ್ಟ ಇರುವುದು ಅಲ್ಲಿ. ಆಮೇಲೆ ಅಳತೆಪಟ್ಟಿ ಇಟ್ಟು ನೋಡುತ್ತಾರೆ. ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಉಬ್ಬಿದ್ದರೆ ಪಾಸಿಟಿವ್. ಬಾಟಲಿಯ ದ್ರಾವಣ ಸಿಗದಿದ್ದರೆ, ಅಥವಾ ಅದರ ಮೇಲೆ ಭರವಸೆ ಬಾರದಿದ್ದರೆ, ನೀವು ತಿಂದ ಜಾತಿಯ ಸಿಗಡಿಯನ್ನೇ ಡಬ್ಬಿಯಲ್ಲಿ ತರಲು ಹೇಳುವ ವೈದ್ಯರಿದ್ದಾರೆ. ಮೊನೆಯನ್ನು ಮೊದಲು ಸಿಗಡಿಗೆ, ಆಮೇಲೆ ಕೈಗೆ ಚುಚ್ಚುತ್ತಾರೆ. ಸೆಟಿರಿಜಿನ್, ಅವಿಲ್‌ನಂಥ ಮಾತ್ರೆ ತೆಗೆದುಕೊಂಡಿದ್ದರೆ ಉಬ್ಬು ಏಳುವುದಿಲ್ಲ. ಸುಮಾರು ಒಂದು ವಾರ ಮೊದಲೇ ವೈದ್ಯರನ್ನು ಕೇಳಿ ನಿಲ್ಲಿಸಬೇಕಾಗುತ್ತದೆ.

ಕಥೆಯೂ ಚರ್ಮವೂ ಒಂದನ್ನೇ ಹೇಳಿದರೆ ಅಲ್ಲಿಗೆ ಮುಗಿಯಿತು. ಎರಡೂ ಜಗಳಕ್ಕೆ ಬಿದ್ದರೆ ಕೊನೆಯ ತೀರ್ಪು ತಿನ್ನಿಸಿ ನೋಡುವುದು. ಆಸ್ಪತ್ರೆಯಲ್ಲಿ, ಸೂಜಿ ಮದ್ದು ಪಕ್ಕದಲ್ಲಿಟ್ಟುಕೊಂಡು, ಬೇಯಿಸಿದ ಸಿಗಡಿಯನ್ನು ಕಾಳಿನಷ್ಟರಿಂದ ಶುರುಮಾಡಿ ಹೊತ್ತು ಬಿಟ್ಟು ಹೊತ್ತು ಹೆಚ್ಚಿಸುತ್ತಾರೆ. ಅರ್ಧ ದಿನದ ಕೆಲಸ, ಮಾಡುವ ಕೇಂದ್ರಗಳೂ ಕಡಿಮೆ. ಇದನ್ನು ಮನೆಯಲ್ಲಿ ಮಾಡಿ ನೋಡಲು ಹೋಗಬಾರದು. “ಸ್ವಲ್ಪ ಸ್ವಲ್ಪ ತಿಂದು ರೂಢಿ ಮಾಡಿಕೋ ಮಗಾ” ಎನ್ನುವ ದೊಡ್ಡಮ್ಮಂದಿರ ಪ್ರೀತಿಯನ್ನು ಗೌರವದಿಂದಲೇ ದೂರ ಇಡಬೇಕು.

ಅಲರ್ಜಿ ಖಚಿತವಾದ ಮೇಲೆ ಏನೇನು ಬಿಡಬೇಕು ಎನ್ನುವುದರಲ್ಲಿ ಜನ ಎರಡು ತಪ್ಪು ಮಾಡುತ್ತಾರೆ. ಒಂದು, ಇಡೀ ಕಡಲನ್ನೇ ಬಿಡುವುದು. ಮೀನಿನ ಅಲರ್ಜಿಗೆ ಮುಖ್ಯ ಕಾರಣ ಪಾರ್ವಾಲ್ಬುಮಿನ್ ಎಂಬ ಬೇರೆಯೇ ಪ್ರೋಟೀನು. ಸಿಗಡಿ ಆಗದವರು ಅಂಜಲ್, ಬಂಗುಡೆ, ಬೂತಾಯಿ ತಿನ್ನಬಹುದು, ಅದಕ್ಕೂ ಪ್ರತ್ಯೇಕ ಅಲರ್ಜಿ ಇಲ್ಲದಿದ್ದರೆ. ಎರಡನೆಯದು, ಸಿಗಡಿ ಬಿಟ್ಟು ಏಡಿ ತಿನ್ನುವುದು. ಸಿಗಡಿ, ಏಡಿ, ಲಾಬ್‌ಸ್ಟರ್ ಒಂದೇ ವಂಶ. ಒಂದು ಆಗದಿದ್ದವರಿಗೆ ಉಳಿದವೂ ಆಗದಿರುವ ಸಾಧ್ಯತೆ ತೀರ ಹೆಚ್ಚು, ಮೂರನ್ನೂ ಬಿಡುವುದೇ ಕ್ಷೇಮ. ಮರುವಾಯಿ, ನೀಲಿಕಲ್ಲು, ಬೊಂಡಾಸ್ ಮೃದ್ವಂಗಿಗಳು, ಸ್ವಲ್ಪ ದೂರದ ನೆಂಟರು. ಕೆಲವರಿಗೆ ಆಗುತ್ತವೆ, ಕೆಲವರಿಗೆ ಇಲ್ಲ. ಪರೀಕ್ಷಿಸಿಕೊಳ್ಳುವವರೆಗೆ ಮುಟ್ಟದಿರುವುದು ವಿವೇಕ. ಅಂದಹಾಗೆ ಆಯ್‌ಸ್ಟರ್ ಅಣಬೆಗೂ ಕಡಲಿನ ಆಯ್‌ಸ್ಟರಿಗೂ ಹೆಸರಿನದ್ದಷ್ಟೇ ನಂಟು, ಪಲ್ಯ ಧಾರಾಳ ಮಾಡಬಹುದು.

ನಮ್ಮ ಅಡುಗೆಮನೆಯಲ್ಲಿ ಸಿಗಡಿ ಅಡಗಿ ಕೂರುವ ಜಾಗಗಳು ಬೇರೆ ದೇಶದ ಪುಸ್ತಕಗಳಲ್ಲಿ ಸಿಗುವುದಿಲ್ಲ. ಮುಖ್ಯ ಜಾಗ ಒಣಸಿಗಡಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ದಡದಲ್ಲಿ ನಿಂತಾಗ ಗಂಜಿಗೆ ನೆಂಚಿಕೊಳ್ಳಲು ಒಣಸಿಗಡಿ ಚಟ್ನಿ ಬೇಕೇ ಬೇಕು. ತೆಂಗಿನಕಾಯಿಯ ಜೊತೆ ರುಬ್ಬಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಅದೇ ಮಿಕ್ಸಿ ಜಾರಿನಲ್ಲಿ ಮರುದಿನ ದೋಸೆಯ ಚಟ್ನಿ. ಮೈಸೂರು, ಮಂಡ್ಯದ ಕಡೆ ಸಂತೆಯಿಂದ ತಂದ ಒಣ ಸೀಗಡಿ ತರಕಾರಿ ಸಾರಿಗೆ ಬೀಳುತ್ತದೆ. ತುಳುವರ ಮನೆಯಲ್ಲಿ ಸಿಗಡಿಗೆ ಎಟ್ಟಿ, ಕುಂದಾಪುರದಲ್ಲಿ ಚಟ್ಲಿ, ಕೊಂಕಣಿಗರಲ್ಲಿ ಸುಂಗಟ. ಅಲರ್ಜಿ ಇದ್ದವರು ಊರೂರಿನ ಹೆಸರು ಕಲಿತಿರಬೇಕು, ಬಡಿಸುವವರು ಪುಸ್ತಕದ ಹೆಸರು ಹೇಳುವುದಿಲ್ಲ. ಮೀನಿನ ಹೋಟೆಲಿನಲ್ಲಿ ಅಂಜಲ್ ರವಾ ಫ್ರೈ ಹೇಳಿದರೂ ಕಾವಲಿ, ಎಣ್ಣೆ, ಮಸಾಲೆಯ ಬೋಗುಣಿ ಸಿಗಡಿಯದ್ದೇ. ಚೈನೀಸ್, ಥಾಯ್ ಅಡುಗೆಯ ಆಯ್‌ಸ್ಟರ್ ಸಾಸ್, ಕರಿ ಪೇಸ್ಟ್, ಕೊರಿಯನ್ನರ ಕಿಮ್ಚಿ ಇವುಗಳಲ್ಲೂ ಚಿಪ್ಪುಜೀವಿ ಇರುವುದುಂಟು.

ಇನ್ನೊಂದು ಹಳೆಯ ತಪ್ಪುಕಲ್ಪನೆ ಸ್ಕ್ಯಾನಿಂಗ್ ಕೋಣೆಯದ್ದು. ಸಿಟಿ ಸ್ಕ್ಯಾನಿಗೆ ಮೊದಲು “ಸಿಗಡಿ, ಏಡಿ ಅಲರ್ಜಿ ಉಂಟಾ?” ಎಂದು ಕೇಳುತ್ತಾರೆ. ಸಮುದ್ರದ ಆಹಾರದಲ್ಲಿ ಅಯೋಡಿನ್ ಇದೆ, ನರಕ್ಕೆ ಕೊಡುವ ಬಣ್ಣದ ದ್ರಾವಣದಲ್ಲೂ ಅಯೋಡಿನ್ ಇದೆ, ಹಾಗಾಗಿ ಎರಡೂ ಒಂದೇ ಎಂಬ ತರ್ಕ. ಕೇಳಲು ಸರಿಯೆನಿಸುತ್ತದೆ, ನಿಜವಲ್ಲ. ಅಲರ್ಜಿ ಇರುವುದು ಪ್ರೋಟೀನಿಗೆ. ಅಯೋಡಿನ್ ಉಪ್ಪಿನಲ್ಲೂ ಇದೆ, ಥೈರಾಯ್ಡ್ ಗ್ರಂಥಿಯಲ್ಲೂ ಇದೆ. ಸಿಗಡಿ ಅಲರ್ಜಿಯ ಕಾರಣಕ್ಕೆ ಬೇಕಾದ ಸ್ಕ್ಯಾನ್ ಮುಂದೂಡುವುದಾಗಲಿ, ಗಾಯಕ್ಕೆ ಬೆಟಾಡಿನ್ ಹಚ್ಚದಿರುವುದಾಗಲಿ ಬೇಕಿಲ್ಲ. ಮಂಡಿನೋವಿನವರಿಗೆ ಬರೆಯುವ ಗ್ಲುಕೋಸಮೈನ್ ಹೆಚ್ಚಾಗಿ ಸಿಗಡಿ ಏಡಿಗಳ ಚಿಪ್ಪಿನಿಂದಲೇ ತಯಾರಾಗುವುದು. ಅಲರ್ಜಿಕಾರಕ ಇರುವುದು ಮಾಂಸದಲ್ಲಿ, ಬಹುಪಾಲು ಜನರಿಗೆ ಅದರಿಂದ ತೊಂದರೆ ಕಂಡಿಲ್ಲ. ಆದರೂ ವೈದ್ಯರಿಗೆ ತಿಳಿಸಿಯೇ ನುಂಗುವುದು ಒಳ್ಳೆಯದು.

ಈಗ ಪ್ರಾಣಕ್ಕೆ ಬರುವ ಹೊತ್ತಿನ ಮಾತು. ಬರೀ ದದ್ದು, ತುರಿಕೆ ಇದ್ದರೆ ಮಾತ್ರೆಯಲ್ಲಿ ಇಳಿಯುತ್ತದೆ. ದದ್ದಿನ ಜೊತೆಗೆ ದನಿ ಕಟ್ಟಿದರೆ, ಗಂಟಲು ಬಿಗಿದರೆ, ಉಸಿರಿಗೆ ಸುಯ್ ಎಂಬ ಸದ್ದು ಸೇರಿದರೆ, ಮತ್ತೆ ಮತ್ತೆ ವಾಂತಿಯಾದರೆ, ಕಣ್ಣು ಕತ್ತಲಿಟ್ಟರೆ ಅದು ಅನಾಫಿಲ್ಯಾಕ್ಸಿಸ್. ಅದಕ್ಕೆ ಮೊದಲ ಮದ್ದು ಒಂದೇ, ಅಡ್ರಿನಲಿನ್. ತೊಡೆಯ ಹೊರಬದಿಯ ಮಧ್ಯಭಾಗಕ್ಕೆ, ಸ್ನಾಯುವಿಗೆ. 1 ಮಿಲಿಲೀಟರಿನ ಆ್ಯಂಪೂಲಿನಲ್ಲಿ 1 ಮಿಲಿಗ್ರಾಂ ಇರುತ್ತದೆ, ದೊಡ್ಡವರಿಗೆ ಅದರಲ್ಲಿ ಅರ್ಧ. ಐದರಿಂದ ಹದಿನೈದು ನಿಮಿಷದಲ್ಲಿ ಗುಣ ಕಾಣದಿದ್ದರೆ ಇನ್ನೊಂದು ಸಲ. ನಮ್ಮಲ್ಲಿ ರೂಢಿಯಾಗಿರುವುದು ಬೇರೆ. ಸೊಂಟಕ್ಕೊಂದು ಅವಿಲ್, ಕೈಗೊಂದು ಸ್ಟಿರಾಯ್ಡ್, ಅರ್ಧ ಗಂಟೆ ಮಲಗಿಸಿ ಮನೆಗೆ. ಅವಿಲ್ ತುರಿಕೆ ಇಳಿಸುತ್ತದೆ, ಬಿದ್ದ ರಕ್ತದೊತ್ತಡವನ್ನು ಎತ್ತುವುದಿಲ್ಲ, ಊದಿದ ಗಂಟಲನ್ನು ತೆರೆಯುವುದಿಲ್ಲ. ಸ್ಟಿರಾಯ್ಡ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಅಡ್ರಿನಲಿನ್ ಎಂದರೆ ಹೃದಯಕ್ಕೆ ಅಪಾಯ ಎಂಬ ಹಳೆಯ ಅಂಜಿಕೆ ಕೆಲವು ವೈದ್ಯರಲ್ಲೂ ಉಳಿದಿದೆ. ಸರಿಯಾದ ಪ್ರಮಾಣದಲ್ಲಿ ಸ್ನಾಯುವಿಗೆ ಕೊಟ್ಟಾಗ ತಡಮಾಡುವುದರ ಅಪಾಯವೇ ದೊಡ್ಡದು.

ವಿದೇಶಗಳಲ್ಲಿ ಪೆನ್ನಿನಂತೆ ಒತ್ತಿದರೆ ಸೂಜಿ ತಾನೇ ಇಳಿಯುವ ಸಾಧನವನ್ನು ರೋಗಿಗಳು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ಇಲ್ಲಿನ ಮೆಡಿಕಲ್ ಶಾಪುಗಳಲ್ಲಿ ಅದು ಸುಲಭಕ್ಕೆ ಸಿಗುವ ವಸ್ತುವಲ್ಲ, ತರಿಸಿದರೆ ಬೆಲೆ ಕೈ ಸುಡುತ್ತದೆ. ಆ್ಯಂಪೂಲ್ ಮಾತ್ರ ಬಹಳ ಅಗ್ಗ. ಒಮ್ಮೆ ಸಾವಿನ ಬಾಗಿಲು ನೋಡಿ ಬಂದವರಿಗೆ ಆ್ಯಂಪೂಲು, ಸಿರಿಂಜು ಕೊಟ್ಟು, ಒಡೆಯುವುದು ಎಳೆಯುವುದು ಚುಚ್ಚುವುದನ್ನು ಮನೆಯವರ ಕೈಯಲ್ಲೇ ಮಾಡಿಸಿ ಕಲಿಸುವ ವೈದ್ಯರಿದ್ದಾರೆ. ಕಲಿಸದಿದ್ದರೆ ಕೇಳಿ ಕಲಿಯಬೇಕು. ಬಿಪಿಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರು ಅದನ್ನೂ ಹೇಳಬೇಕು, ಅಡ್ರಿನಲಿನ್ ಅವರ ಮೇಲೆ ಸರಿಯಾಗಿ ಕೆಲಸ ಮಾಡದಿರಬಹುದು. ಸೂಜಿ ಕೊಟ್ಟು 108ಕ್ಕೆ ಕರೆ ಮಾಡಿದ ಮೇಲೆ ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು. ಉಸಿರು ಕಟ್ಟುತ್ತಿದ್ದರೆ ಒರಗಿ ಕೂರಲಿ. ಬೇಗ ಹೋಗೋಣ ಎಂದು ಎಬ್ಬಿಸಿ ನಡೆಸಿಕೊಂಡು ಕಾರಿಗೆ ಹತ್ತಿಸಬಾರದು. ಥಟ್ಟನೆ ಎದ್ದು ನಿಂತಾಗ ಹೃದಯ ನಿಂತ ಪ್ರಸಂಗಗಳಿವೆ. ಗುಣವಾದಂತೆ ಕಂಡ ಮೇಲೂ ಕೆಲವರಿಗೆ ಕೆಲವು ಗಂಟೆ ಬಿಟ್ಟು ಎರಡನೆಯ ಅಲೆ ಬರುತ್ತದೆ, ಹಾಗಾಗಿ ಆಸ್ಪತ್ರೆಯಲ್ಲಿ ಕೆಲಹೊತ್ತು ಇರಲೇಬೇಕು.

ಅಲರ್ಜಿಯನ್ನೇ ಇಲ್ಲವಾಗಿಸುವ ಮದ್ದು? ಶೇಂಗಾ ವಿಷಯದಲ್ಲಿ ಅಳೆದು ತಿನ್ನಿಸುತ್ತಾ ಹೋಗುವ ಚಿಕಿತ್ಸೆ ಬಂದಿದೆ. ಸಿಗಡಿಗೆ ಅಂಥದು ಇನ್ನೂ ನಿತ್ಯದ ಚಿಕಿತ್ಸೆಯಾಗಿ ನಿಂತಿಲ್ಲ. ಆಸ್ತಮಾಕ್ಕೆ ಬಳಸುತ್ತಿದ್ದ ಓಮಲಿಜುಮ್ಯಾಬ್ ಚುಚ್ಚುಮದ್ದಿಗೆ ಆಹಾರ ಅಲರ್ಜಿಯಲ್ಲೂ ಬಳಸಲು ಅಮೆರಿಕ 2024ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕೈತಪ್ಪಿ ಚೂರು ತಿಂದಾಗ ಆಗುವ ಹಾನಿ ಕಡಿಮೆ ಮಾಡಲೆಂದೇ ಹೊರತು, ಮನಸಾರೆ ತಿನ್ನಲೆಂದು ಅಲ್ಲ. ಅದರ ಮುಖ್ಯ ಪ್ರಯೋಗದಲ್ಲಿ ಸಿಗಡಿ ಇರಲೂ ಇಲ್ಲ.

ಉಳಿದದ್ದು ಓದುವುದು ಮತ್ತು ಕೇಳುವುದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಪೊಟ್ಟಣದ ಮೇಲೆ ಅಲರ್ಜಿಕಾರಕಗಳನ್ನು ಹೇಳಲೇಬೇಕು. ಸಿಗಡಿ, ಏಡಿಯ ವರ್ಗ ಆ ಪಟ್ಟಿಯಲ್ಲಿದೆ, ಮೀನು ಇದೆ, ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಪ್ರಮಾಣದ ಸಲ್ಫೈಟ್ ಇದೆ. ಮೃದ್ವಂಗಿಗಳು ಇಲ್ಲ. ಯುರೋಪಿನ ಪಟ್ಟಿಯಲ್ಲಿ ಅವಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾರೆ. ಬೊಂಡಾಸ್ ಆಗದವರು ಇಲ್ಲಿ ‘ಅಲರ್ಜಿ ಸೂಚನೆ’ಯ ದಪ್ಪಕ್ಷರ ನೋಡಿ ನಿಲ್ಲದೆ ಪದಾರ್ಥಗಳ ಸಣ್ಣಕ್ಷರವನ್ನು ಕೊನೆಯವರೆಗೆ ಓದಬೇಕು. ಹತ್ತು ಅಥವಾ ಹೆಚ್ಚು ಕಡೆ ಮಳಿಗೆ ಇರುವ ಹೋಟೆಲ್ ಸರಪಳಿಗಳು ಅಲರ್ಜಿಯ ಮಾಹಿತಿ ಕೊಡಬೇಕೆಂದೂ ನಿಯಮ ಹೇಳುತ್ತದೆ. ಬಂದರಿನ ಪಕ್ಕದ ಊಟದ ಹೋಟೆಲಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಬಡಿಸುವ ಹುಡುಗನನ್ನು ಕೇಳಿ ಪ್ರಯೋಜನ ಕಡಿಮೆ, ‘ಏನಿಲ್ಲ ಸರ್, ತಿನ್ನಿ’ ಎಂದುಬಿಡುತ್ತಾನೆ. ನೇರ ಒಲೆಯ ಬಳಿ ನಿಂತವರನ್ನೇ ಕೇಳಬೇಕು. ಈ ಕಾವಲಿಯಲ್ಲಿ ಬೆಳಿಗ್ಗೆಯಿಂದ ಏನೇನು ಹುರಿದಿರಿ ಅಣ್ಣ ಎಂದು.